ಹೊಯಿಗೆ ದಿಬ್ಬ ಯಾರದು?

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಕಡಲ ಕರೆಯ ಧರ್ಮಕೇಂದ್ರಗಳವರಿಗೆ ಇದೇನೂ ಕಷ್ಟವಾಗದು. ತಂದೆಯ ಹೆಸರಿನಲ್ಲಿ ಇಪ್ಪತ್ತು ಸೆಂಟ್ಸ್ ಪಟ್ಟಾ ಜಾಗ. ಕೊಲ್ಲಿ ದೇಶದಲ್ಲಿ ದುಡಿಯುವ ಮಗನಿಗೆ ಹಂಚಿನ ಮನೆ ಕೆಡವಿ ಟೆರೇಸ್ ಮನೆ ಕಟ್ಟಿಸುವ ಆಸೆ. ಎದುರಿನ ಹೊಯಿಗೆ ದಿಬ್ಬವನ್ನು ಜೆಸಿಬಿಯಿಂದ ಸಮ ಮಾಡಿಸಿದರೆ ಜಗಲಿಯಲ್ಲಿ ಕುಳಿತೇ ಕಡಲು ಕಾಣುತ್ತದೆ. “ಪಪ್ಪಾ, ಜಾಗ ನಮ್ಮದು, ಹೊಯಿಗೆಯೂ ನಮ್ಮದು. ಯಾರನ್ನು ಕೇಳಬೇಕು?” ಎನ್ನುತ್ತಾನೆ. “ಬೇಡ ಮಗಾ” ಎನ್ನುವ ತಂದೆಗೆ ಕಾರಣ ಹೇಳಲು ತಿಳಿಯುವುದಿಲ್ಲ.

ಕಾನೂನಿನ ಉತ್ತರ ಸುಲಭ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೇ ಮರಳು ದಿಬ್ಬಗಳ ರೂಪ ಕೆಡಿಸುವುದನ್ನು ನಿಷೇಧಿಸಿತು. 2011 ಮತ್ತು 2019ರ ಅಧಿಸೂಚನೆಗಳು ಅವನ್ನು ಅತಿ ಸೂಕ್ಷ್ಮ ಪ್ರದೇಶಗಳ ಪಟ್ಟಿಗೆ ಸೇರಿಸಿದವು. ಆದರೆ ಕಾನೂನು ಇಲ್ಲದಿದ್ದರೆ ಮಗನ ಮಾತು ಸರಿಯಾಗುತ್ತಿತ್ತೇ?

ಬೇಸಿಗೆಯ ಗಾಳಿ ಕಡಲ ತಡಿಯ ಒಣ ಹೊಯಿಗೆಯನ್ನು ಹೊತ್ತು ತರುತ್ತದೆ. ಅಡುಂಬು ಬಳ್ಳಿ ಮತ್ತು ಮುಳ್ಳು ಹುಲ್ಲು ಅದನ್ನು ಹಿಡಿದು ನಿಲ್ಲಿಸುತ್ತವೆ. ಹೀಗೆ ಕಣ ಕಣವಾಗಿ ದಿಬ್ಬ ಏಳುತ್ತದೆ. ಮಳೆಗಾಲದಲ್ಲಿ ಅಲೆಗಳು ಅದರ ಬುಡವನ್ನು ಕೊರೆದು ಹೊಯಿಗೆಯನ್ನು ನೀರಿಗೆ ಎಳೆಯುತ್ತವೆ. ನಾವು ಅದನ್ನು ನಷ್ಟ ಎನ್ನುತ್ತೇವೆ. ಆದರೆ ಅದೇ ಹೊಯಿಗೆ ತುಸು ದೂರದಲ್ಲಿ ನೀರಿನಡಿ ದಂಡೆಯಾಗಿ ನಿಂತು, ದೊಡ್ಡ ಅಲೆಗಳು ಅಲ್ಲೇ ಒಡೆಯುವಂತೆ ಮಾಡುತ್ತದೆ. ಮಳೆ ಕಳೆದ ಮೇಲೆ ಮೆಲ್ಲನೆಯ ಅಲೆಗಳು ಅದರ ಬಹುಭಾಗವನ್ನು ತಡಿಗೆ ಮರಳಿಸುತ್ತವೆ. ದಿಬ್ಬದೊಳಗೆ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೇಲುತ್ತಾ ನಿಲ್ಲುವುದರಿಂದಲೇ ಕಡಲಿಗೆ ಕೂಗಳತೆಯ ಬಾವಿಯಲ್ಲೂ ಸಿಹಿನೀರು ಸಿಗುತ್ತದೆ. ಆ ನೀರಿಗೆ ಬೇಲಿಯ ಲೆಕ್ಕವಿಲ್ಲ. ಒಬ್ಬನ ದಿಬ್ಬ ಹೋದರೆ ಪಕ್ಕದವನ ಬಾವಿಗೂ ಉಪ್ಪು ಬರಬಹುದು.

ಮರಳಿನ ಮೇಲೆ ಮನೆ ಕಟ್ಟಿದ ಬುದ್ಧಿಹೀನನ ಸಾಮತಿ ಕೇಳುವಾಗ ನಮ್ಮವರು ಮುಗುಳ್ನಗುವುದುಂಟು. ತಲೆತಲಾಂತರದಿಂದ ಹೊಯಿಗೆಯ ಮೇಲೆಯೇ ಬಾಳಿದವರಲ್ಲವೇ! ಆದರೆ ಹಿರಿಯರು ಕಟ್ಟಿದ್ದು ದಿಬ್ಬದ ಮರೆಯಲ್ಲಿ. ದೋಣಿ ಎಳೆದಿಡಲು, ಬಲೆ ಹರಡಲು, ಮೀನು ಒಣಗಿಸಲು ಮುಂದಿನ ಹೊಯಿಗೆಯನ್ನು ಎಲ್ಲರಿಗೂ ಬಿಟ್ಟಿದ್ದರು. ಕೈರಂಪಣಿ ಎಳೆಯುವವರು ಅದು ಯಾರ ಪಟ್ಟಾ ಎಂದು ಕೇಳುತ್ತಿರಲಿಲ್ಲ.

ಶ್ರೀಲಂಕಾದ ಯಾಲದಲ್ಲಿ ಒಂದು ಪ್ರವಾಸಿ ವಸತಿಗೃಹದವರು ಕಡಲು ಚೆನ್ನಾಗಿ ಕಾಣಲೆಂದೇ ಎದುರಿನ ದಿಬ್ಬದ ಒಂದಷ್ಟು ಭಾಗ ತೆಗೆಸಿದ್ದರು. 2004ರ ಡಿಸೆಂಬರ್ 26ರ ಸುನಾಮಿ ಆ ಕಟ್ಟಡವನ್ನು ನಾಶ ಮಾಡಿತು. ಸುನಾಮಿ ನಮ್ಮ ಕರೆಗೆ ಅಪರೂಪ ಎನ್ನಬಹುದು. ಮಳೆಗಾಲ ಅಪರೂಪವಲ್ಲ.

ಖಾಸಗಿ ಆಸ್ತಿಯ ಹಕ್ಕನ್ನು ಧರ್ಮಸಭೆ ಒಪ್ಪುತ್ತದೆ. ಆದರೆ ಸೃಷ್ಟಿಯ ಸಂಪತ್ತು ಎಲ್ಲರಿಗಾಗಿ ಇದೆ ಎಂಬುದು ಅದಕ್ಕಿಂತ ಮೊದಲಿನದು ಎಂದು ಕಲಿಸುತ್ತದೆ. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಇದನ್ನೇ ಮತ್ತೆ ನೆನಪಿಸಿದರು. ಪಟ್ಟಾ ಇರುವುದು ನೆಲಕ್ಕೆ. ಗಾಳಿ ತಂದು, ಕಡಲು ಒಯ್ದು, ಮತ್ತೆ ಕೊಡುವ ಹೊಯಿಗೆಗೆ ಮಗ ಹೆಚ್ಚೆಂದರೆ ಕಾವಲುಗಾರ. ರಸ್ತೆಗೆಂದು, ಬೀಚ್ ಸೌಂದರ್ಯೀಕರಣಕ್ಕೆಂದು ದೊಡ್ಡವರೇ ದಿಬ್ಬ ಅಗೆಯುವಾಗ ಬಡಪಾಯಿ ಮನೆಯವರಿಗೆ ಮಾತ್ರ ಉಪದೇಶವೇ ಎಂದು ಅವನು ಕೇಳಿದರೆ ಆ ಸಿಟ್ಟು ನ್ಯಾಯವೇ. ಆದರೂ ಅದರಿಂದ ಪಕ್ಕದವನ ಬಾವಿ ಸಿಹಿಯಾಗುವುದಿಲ್ಲ.

ಈ ಮಗನಿಗೆ ದಾರಿ ಇದೆ. ಮನೆಯನ್ನು ಹಿಂದಕ್ಕೆ ಸರಿಸಿ ಕಟ್ಟಲಿ, ಬಳ್ಳಿಯನ್ನು ಕಸವೆಂದು ಕಿತ್ತೆಸೆಯದಿರಲಿ. ನನ್ನ ಮನಸ್ಸನ್ನು ಕಾಡುವವನು ಅವನ ನೆರೆಯವ. ಅವನದು ಮೂರೇ ಸೆಂಟ್ಸ್. ಮುಂದೆ ಕಡಲು, ಹಿಂದೆ ರಸ್ತೆ. ದಿಬ್ಬ ಎಂದೋ ಹೋಗಿದೆ. ತಡೆಗೋಡೆಗೆ ಕಲ್ಲು ಹಾಕಿ ಎಂದು ಅವನು ಬೇಡಿದರೆ ತಪ್ಪೆನ್ನಲಾರೆ. ಆದರೆ ಕಲ್ಲಿಗೆ ಬಡಿದ ಅಲೆ ಬುಡದ ಹೊಯಿಗೆಯನ್ನು ಕೆದಕುತ್ತದೆ, ಕೊರೆತ ಗೋಡೆಯ ತುದಿಗೆ ಸರಿಯುತ್ತದೆ. ಅಲ್ಲಿ ಇನ್ನೊಬ್ಬನ ಮನೆ ಇದೆ. ಅವನಿಗಾಗಿ ಹಿಂದಿನ ಸಾಲಿನಲ್ಲಿ ನಾಲ್ಕು ಸೆಂಟ್ಸ್ ಬಿಟ್ಟುಕೊಡಬಲ್ಲವರು ನಮ್ಮ ವಾಳೆಯಲ್ಲಿ ಯಾರಿದ್ದಾರೆ ಎಂದು ಮುಂದಿನ ವಾಳೆ ಸಭೆಯಲ್ಲಿ ಗುರಿಕಾರರು ಕೇಳಲಿ.