ಹಳೆಯ ಗಿಟಾರ್ ಮತ್ತು ಮಾರುವವನ ಮೌನ

ನಮ್ಮ ಧರ್ಮಕೇಂದ್ರಗಳ ಗಾನವೃಂದಗಳಲ್ಲಿ ನುಡಿಯುವ ಗಿಟಾರ್‌ಗಳಲ್ಲಿ ಎಷ್ಟೋ ಕೈಯಿಂದ ಕೈಗೆ ದಾಟಿ ಬಂದಂಥವು. ಮಗ ಓದು ಮುಗಿಸಿ ಕೆಲಸಕ್ಕೆ ಹೊರಟ ಮೇಲೆ ಮೂಲೆ ಸೇರಿದ ವಾದ್ಯವೂ ಅದರ ಆಂಪ್ಲಿಫೈಯರ್ರೂ ಇನ್ನೊಂದು ಮನೆಯ ಮಗಳಿಗೆ ಕಡಿಮೆ ಬೆಲೆಗೆ ದೊರೆಯುತ್ತವೆ. ವ್ಯವಹಾರ ಚಿಕ್ಕದು. ಆದರೂ ನೀತಿಶಾಸ್ತ್ರದ ಬಹು ಹಳೆಯ ಪ್ರಶ್ನೆಯೊಂದು ಅದರೊಳಗೆ ಅಡಗಿದೆ. ಕೊಳ್ಳುವವನು ಕೇಳದಿದ್ದರೂ ವಸ್ತುವಿನ ದೋಷವನ್ನು ತಾನಾಗಿ ತಿಳಿಸುವ ಹೊಣೆ ಮಾರುವವನಿಗಿದೆಯೇ?

ಕಾನೂನು ಈ ವಿಷಯದಲ್ಲಿ ಮಿತಭಾಷಿ. ನಮ್ಮ ದೇಶದ 1930ರ ಸರಕು ಮಾರಾಟ ಅಧಿನಿಯಮವು ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸರಕಿನ ಗುಣಮಟ್ಟದ ಬಗ್ಗೆ ಹೇಳದೇ ಇದ್ದ ಭರವಸೆಯನ್ನು ಮಾರುವವನ ಮೇಲೆ ಹೊರಿಸುವುದಿಲ್ಲ. ನೋಡಿ ಕೊಳ್ಳುವುದು ಕೊಳ್ಳುವವನ ಪಾಡು.

ನೀತಿಚಿಂತಕರು ಇಷ್ಟಕ್ಕೆ ತೃಪ್ತರಾಗಲಿಲ್ಲ. ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೋ ಮಗನಿಗಾಗಿ ಬರೆದ ಕರ್ತವ್ಯಗ್ರಂಥದಲ್ಲಿ ಒಂದು ಪ್ರಸಂಗವಿದೆ. ಬರಗಾಲ ಬಿದ್ದ ರೋಡ್ಸ್ ದ್ವೀಪಕ್ಕೆ ವರ್ತಕನೊಬ್ಬ ಧಾನ್ಯ ತರುತ್ತಾನೆ. ಹಿಂದೆಯೇ ಇನ್ನಷ್ಟು ಹಡಗುಗಳು ಬರುತ್ತಿರುವುದು ಅವನೊಬ್ಬನಿಗೇ ಗೊತ್ತು. ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂಬುದು ಡಯೋಜನೀಸನ ವಾದ. ಮನುಷ್ಯರೆಲ್ಲ ಒಂದೇ ಸಮಾಜದವರಾದ್ದರಿಂದ ಹೇಳಲೇಬೇಕು ಎಂಬುದು ಆಂಟಿಪೇಟರನದು. ಸಿಸೆರೋ ಎರಡನೆಯವನ ಪಕ್ಷ ವಹಿಸುತ್ತಾನೆ.

ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಒಂದು ಗೆರೆ ಎಳೆದರು. ಕುದುರೆಗೆ ಒಂದೇ ಕಣ್ಣಿದ್ದರೆ ಅದು ಎದುರಿಗೇ ಕಾಣುತ್ತದೆ. ಮಾರುವವನು ಅದಕ್ಕೆ ತಕ್ಕಂತೆ ಬೆಲೆ ಇಳಿಸಿದರೆ ಸಾಕು, ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕೊಳ್ಳುವವನಿಗೆ ನಷ್ಟ ಅಥವಾ ಅಪಾಯ ತರುವ ಗುಪ್ತ ದೋಷವನ್ನಾದರೋ ಹೇಳಲೇಬೇಕು.

ಈ ಗೆರೆಯನ್ನು ಗಿಟಾರಿನ ಮೇಲೆ ಎಳೆದು ನೋಡೋಣ. ಮೈಮೇಲಿನ ಗೀರು, ಮಾಸಿದ ಬಣ್ಣ ಒಂಟಿಕಣ್ಣಿನ ಕುದುರೆಯ ಹಾಗೆ. ಕುತ್ತಿಗೆಯೊಳಗೆ ಹುದುಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇನ್ನು ತಿರುಗಲಾರದ ಸ್ಥಿತಿಗೆ ಬಂದಿದ್ದರೆ, ಇಲ್ಲವೇ ಆಂಪ್ಲಿಫೈಯರ್ ಹತ್ತು ನಿಮಿಷ ಚೆನ್ನಾಗಿ ನುಡಿದು ಬಿಸಿಯಾದೊಡನೆ ಕ್ಷೀಣಿಸುವಂಥದ್ದಾಗಿದ್ದರೆ, ಅದು ಗುಪ್ತ ದೋಷ. ಇಲ್ಲಿಯವರೆಗೆ ತೊಡಕಿಲ್ಲ. ಆದರೆ ಬಾಗಿದ ಕುತ್ತಿಗೆ, ಸವೆದು ತಗ್ಗು ಬಿದ್ದ ಫ್ರೆಟ್‌ಗಳು ಯಾವ ಗುಂಪಿಗೆ ಸೇರುತ್ತವೆ? ನುರಿತ ವಾದಕ ಅವನ್ನು ನೋಡಿದೊಡನೆ ಗುರುತಿಸುತ್ತಾನೆ. ಜೀವಮಾನದಲ್ಲಿ ಗಿಟಾರ್ ಮುಟ್ಟದೆ, ಮಗಳ ಆಸೆಗಾಗಿ ದುಡ್ಡು ಕೂಡಿಸಿ ತಂದ ತಂದೆಗೆ ಅವು ಕಾಣುವುದೇ ಇಲ್ಲ. ಆದ್ದರಿಂದ ದೋಷ ಗುಪ್ತವೋ ಪ್ರಕಟವೋ ಎಂಬುದನ್ನು ಎದುರಿಗೆ ನಿಂತವನ ಕಣ್ಣಿನಿಂದ ಅಳೆಯಬೇಕೆಂದು ನನಗೆ ತೋರುತ್ತದೆ. ಅದೇ ಗಿಟಾರನ್ನು ವಾದಕನಿಗೆ ಮಾರುವಾಗ ಸಲ್ಲುವ ಮೌನ ಆ ತಂದೆಯ ಮುಂದೆ ಸಲ್ಲದು.

ಇದಕ್ಕಿಂತ ಸೂಕ್ಷ್ಮವಾದ ಸಂದರ್ಭವೂ ಉಂಟು. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರಿನ ತಲೆಭಾಗ ಹಿಂದಕ್ಕೆ ವಾಲಿರುತ್ತದೆ. ಟ್ರಸ್ ರಾಡಿನ ತಿರುಪಿಗಾಗಿ ಅಲ್ಲಿ ಮರವನ್ನು ಕೊರೆದಿರುತ್ತಾರೆ. ವಾದ್ಯ ನಿಂತಲ್ಲಿಂದ ಉರುಳಿದರೂ ಅಲ್ಲೇ ಮುರಿಯುವುದುಂಟು. ಒಳ್ಳೆಯ ಕುಶಲಕರ್ಮಿ ಅಂಟಿಸಿ ಬಣ್ಣ ಹಚ್ಚಿದರೆ ಗೆರೆಯೂ ಕಾಣದು, ನಾದವೂ ಕೆಡದು. ಬೆಲೆ ಮಾತ್ರ ಗಣನೀಯವಾಗಿ ಕುಸಿಯುತ್ತದೆ. ಕೇಳುವ ಕಿವಿಗೆ ವ್ಯತ್ಯಾಸವಿಲ್ಲದ ಮೇಲೆ ಏಕೆ ಹೇಳಬೇಕು ಎನ್ನುವವರಿದ್ದಾರೆ. ಆದರೆ ಇಂದು ಕೊಂಡವನು ನಾಳೆ ಮಾರುವವನಾಗುತ್ತಾನೆ. ಅಂದು ಪರಿಣತನೊಬ್ಬ ಆ ಮುರಿತವನ್ನು ತೋರಿಸಿಕೊಟ್ಟರೆ, ಅವನು ನಷ್ಟವನ್ನು ನುಂಗಬೇಕು, ಇಲ್ಲವೇ ತಾನೂ ಬಾಯಿ ಮುಚ್ಚಿಕೊಂಡು ಮುಂದಿನವನಿಗೆ ದಾಟಿಸಬೇಕು. ಮೊದಲು ಮಾರಿದವನು ಗಿಟಾರಿನೊಡನೆ ಈ ಸಂಕಟವನ್ನೂ ಅವನ ತಲೆಗೆ ಕಟ್ಟಿರುತ್ತಾನೆ.

ಕೊಳ್ಳುವವನೇ ಹೆಚ್ಚು ತಿಳಿದವನಾಗಿದ್ದರೆ? ಅಮೆರಿಕದ ಮಾರ್ಟಿನ್ ಕಂಪನಿ 1969ರವರೆಗೆ ತನ್ನ ಡಿ-28 ಗಿಟಾರಿನ ಬೆನ್ನಿಗೆ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿತ್ತು. ಅನಂತರ ಭಾರತದ ರೋಸ್‌ವುಡ್‌ಗೆ, ಅಂದರೆ ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಬೀಟೆಗೆ ಬಂದಿತು. ಬ್ರೆಜಿಲ್ ಮರದ ವ್ಯಾಪಾರವನ್ನು 1992ರ ಅಂತರರಾಷ್ಟ್ರೀಯ ನಿರ್ಬಂಧವು ಬಿಗಿಗೊಳಿಸಿತು. ಅಂಥ ಹಳೆಯ ಗಿಟಾರ್‌ಗಳು ಇಂದು ದುಬಾರಿ. ಅಲ್ಲಿ ಯಜಮಾನ ತೀರಿಕೊಂಡ ಮನೆಯಲ್ಲಿ ಅಟ್ಟದ ಸಾಮಾನುಗಳನ್ನು ಮಾರುವಾಗ ಅಂಥದ್ದೊಂದು ಹೊರಬಿತ್ತೆನ್ನಿ. ಬಲ್ಲವನು ಒಳಗೆ ಇಣುಕಿ, ಮರದ ದಿಮ್ಮಿಯ ಮೇಲೆ ಒತ್ತಿದ ಕ್ರಮಸಂಖ್ಯೆಯಿಂದಲೇ ತಯಾರಾದ ವರ್ಷವನ್ನು ಲೆಕ್ಕ ಹಾಕುತ್ತಾನೆ. ವಿಧವೆ ಹೇಳಿದ ಅಲ್ಪ ಬೆಲೆಯನ್ನೇ ಕೊಟ್ಟು ನಡೆದರೆ ಅದು ಜಾಣತನವೆನಿಸಿಕೊಳ್ಳುತ್ತದೆ. ಗೆಳೆಯರ ನಡುವೆ ಅದೊಂದು ಬೇಟೆಯ ಕಥೆ. ಅಕ್ವಿನಾಸರು ಇದಕ್ಕೆ ಬೇರೆಯೇ ಹೆಸರು ಕೊಡುತ್ತಾರೆ. ಚಿನ್ನವನ್ನು ತಾಮ್ರವೆಂದು ತಿಳಿದು ಒಬ್ಬ ಮಾರಿದಾಗ, ತಿಳಿದೂ ಕೊಂಡವನು ಅನ್ಯಾಯ ಮಾಡಿದ್ದಾನೆ, ಹಿಂದಿರುಗಿಸಬೇಕು ಎನ್ನುತ್ತಾರೆ. ಪರಿಣತಿಗೆ ಪ್ರತಿಫಲ ಬೇಡವೇ? ಬೇಕು. ದುರಸ್ತಿ ಮಾಡಿ, ಅಂಗಡಿಯ ಬಾಡಿಗೆ ಹೊತ್ತು ಮಾರುವ ವ್ಯಾಪಾರಿಗೆ ಲಾಭ ಸಲ್ಲತಕ್ಕದ್ದೇ. ಆದರೆ ಇಲ್ಲಿ ಬಂದ ಹಣ ಶ್ರಮದಿಂದ ಬಂದದ್ದಲ್ಲ, ಆ ಹೆಂಗಸಿನ ಅಜ್ಞಾನದಿಂದ ಬಂದದ್ದು.

ಬೆಲೆಯ ಬಗ್ಗೆ ಅವರ ಇನ್ನೊಂದು ಮಾತು ಹಳೆಯ ವಾದ್ಯಗಳಿಗೆ ಚೆನ್ನಾಗಿ ಹೊಂದುತ್ತದೆ. ತಂದೆಯ ನೆನಪಿನ ಗಿಟಾರನ್ನು ಅಗಲುವುದು ನೋವಾದರೆ, ಆ ನಷ್ಟವನ್ನು ಬೆಲೆಯಲ್ಲಿ ಸೇರಿಸಬಹುದು. ಅದು ಮಾರುವವನದೇ ನಷ್ಟ. ಕ್ರಿಸ್ಮಸ್ ಗಾಯನಕ್ಕೆ ಎರಡೇ ದಿನ ಉಳಿದಿದೆಯೆಂದು ಹುಡುಗನೊಬ್ಬ ಓಡಿ ಬಂದರೆ, ಅವನ ಅವಸರಕ್ಕಾಗಿ ಬೆಲೆ ಏರಿಸುವಂತಿಲ್ಲ. ಆ ಅವಸರ ಹುಡುಗನದು. ತನ್ನದಲ್ಲದ್ದನ್ನು ಯಾರೂ ಮಾರುವಂತಿಲ್ಲ ಎಂಬುದು ಅವರು ಕೊಡುವ ಕಾರಣ.