ಯಾರ ತಪ್ಪು?

ಐವತ್ತೆರಡನೆಯ ವಯಸ್ಸಿನಲ್ಲಿ ಹಿಮಾಲಯ ಹತ್ತುತ್ತೇನೆಂದಾಗ ಮನೆಯವರೆಲ್ಲ ನಕ್ಕರು. ಮಗಳ ಹಟಕ್ಕೆ ಸೋತು 2016ರ ಸೆಪ್ಟೆಂಬರಿನಲ್ಲಿ ಉತ್ತರಾಖಂಡದ ರೂಪಕುಂಡಕ್ಕೆ ಹೊರಟೆ. ವಾಣ್ ಎಂಬ ಹಳ್ಳಿ ಬಿಟ್ಟು, ಬೇದ್ನಿಯ ಹುಲ್ಲುಗಾವಲು ದಾಟಿ, ದಿನಗಟ್ಟಲೆ ನಡೆದು ಏದುಸಿರು ಬಿಡುತ್ತ ತಲುಪಿದಾಗ ಕಂಡದ್ದು ದೇವಸ್ಥಾನದ ಕಲ್ಯಾಣಿಯಷ್ಟೇ ಇರುವ ಒಂದು ಕೊಳ. ಎತ್ತರ ಸುಮಾರು 5,000 ಮೀಟರ್. ದಡದಲ್ಲಿ ಕಲ್ಲುಗಳ ನಡುವೆ ಮನುಷ್ಯರ ಮೂಳೆಗಳು.

1942ರಲ್ಲಿ ಅರಣ್ಯ ಇಲಾಖೆಯ ರೇಂಜರ್ ಒಬ್ಬರು ನೋಡಿದ ಮೇಲೆ ಇವುಗಳ ಸುದ್ದಿ ಹೊರಗೆ ಹರಡಿತು. ಊರಿನವರ ಬಳಿ ಇವುಗಳಿಗೊಂದು ಕಥೆಯೇ ಇದೆ. ನಮ್ಮ ಗೈಡ್ ಹುಡುಗ ಹೇಳಿದ: ಕನೌಜಿನ ರಾಜ ಜಸಧವಲ ಬಸುರಿ ರಾಣಿಯನ್ನೂ ನರ್ತಕಿಯರನ್ನೂ ಕರೆದುಕೊಂಡು ನಂದಾದೇವಿಯ ಯಾತ್ರೆಗೆ ಬಂದ. ನರ್ತಕಿಯರು ಕುಣಿದರು. ರಾಣಿ ದಾರಿಯಲ್ಲೇ ಹೆತ್ತಳು. ದೇವಿಯ ನೆಲ ಮೈಲಿಗೆಯಾಯಿತು. ಕಬ್ಬಿಣದಂಥ ಆಲಿಕಲ್ಲು ಸುರಿದು ಎಲ್ಲರೂ ಸತ್ತರು.

ಆ ಚಳಿಯಲ್ಲಿ ನನಗೆ ನೆನಪಾದದ್ದು ನಮ್ಮ ಅತ್ತಿಗೆ. ಮೂವತ್ತು ವರ್ಷಗಳ ಹಿಂದೆ ಅವರ ಚೊಚ್ಚಲ ಮಗು ಹುಟ್ಟಿದ ದಿನವೇ ತೀರಿಕೊಂಡಿತು. "ಗ್ರಹಣದಲ್ಲಿ ಹೊರಗೆ ಬಂದಳಲ್ಲ, ಅದಕ್ಕೇ" ಎಂದರು ಹಿರಿಯರು. ಅದು ನಿಜವಲ್ಲವೆಂದು ಕಾಲೇಜು ಓದಿದ್ದ ನನಗೆ ಗೊತ್ತಿತ್ತು. ಆದರೂ ಹೂಂ ಎಂದಿದ್ದೆ.

ರೂಪಕುಂಡದ ಕೆಲವು ತಲೆಬುರುಡೆಗಳ ಮೇಲೆ ದೊಡ್ಡ ಆಲಿಕಲ್ಲಿನ ಪೆಟ್ಟಿರಬಹುದಾದ ಗುರುತುಗಳಿವೆ. ಅಂದರೆ ಕಥೆ ಪೂರ್ತಿ ಸುಳ್ಳಲ್ಲ. ಆದರೆ 2019ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆ ಬೇರೊಂದು ಸಂಗತಿ ತಿಳಿಸಿತು. ಪರೀಕ್ಷಿಸಿದ 38 ಜನರಲ್ಲಿ 23 ಮಂದಿ ನಮ್ಮ ಉಪಖಂಡದವರು, ಸಾವಿರ ವರ್ಷಕ್ಕೂ ಹಿಂದಿನವರು. 14 ಮಂದಿ ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದ ಮೂಲದವರು, 1800ರ ಆಸುಪಾಸಿನಲ್ಲಿ ಸತ್ತವರು. ಇಷ್ಟೆಲ್ಲ ಸಾವುಗಳಿಗೆ ಒಬ್ಬ ರಾಣಿಯ ಹೆರಿಗೆ ಹೇಗೆ ಕಾರಣವಾದೀತು?

ಏನಾಯಿತು ಎಂಬುದನ್ನು ಜನ ಪ್ರಾಮಾಣಿಕವಾಗಿಯೇ ನೆನಪಿಟ್ಟುಕೊಳ್ಳುತ್ತಾರೆ. ಯಾಕಾಯಿತು ಎಂದು ತಿಳಿಯದಾಗ ಮಾತ್ರ ಕೈ ಹತ್ತಿರದ ಹೆಂಗಸಿನ ಕಡೆ ತಿರುಗುತ್ತದೆ. ಕಾರಣ ಸಿಕ್ಕರೆ ನಮಗೆ ಸಮಾಧಾನ. ಆ ಸಮಾಧಾನದ ಬೆಲೆಯನ್ನು ತೆರುವವಳು ಇನ್ನೊಬ್ಬಳು. ಹನ್ನೆರಡು ವರ್ಷಕ್ಕೊಮ್ಮೆ ಅಲ್ಲಿ ನಡೆಯುವ ಯಾತ್ರೆಯೆಂದರೆ ತವರಿನಿಂದ ಗಂಡನ ಮನೆಗೆ ಹೊರಟ ಮಗಳಾಗಿ ನಂದಾದೇವಿಯನ್ನು ಕಳಿಸಿಕೊಡುವುದು. ಅಂಥ ದೇವಿ ಬಾಣಂತಿಯ ಮೇಲೆ ಕಲ್ಲು ಸುರಿದಾಳೇ? ನೀವೇ ಹೇಳಿ.

ಊರಿಗೆ ಬಂದವಳು ಅತ್ತಿಗೆಯ ಮನೆಗೆ ಹೋದೆ. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. "ಅತ್ತಿಗೆ, ಅವತ್ತು ನಾನೂ ಹೂಂ ಅಂದಿದ್ದೆ" ಎಂದೆ.

ಯಾವತ್ತು ಎಂದು ಅವರು ಕೇಳಲಿಲ್ಲ. "ಗೊತ್ತು. ಒಳಗೆ ಮಲಗಿದ್ದೆ, ಕೇಳಿಸಿತ್ತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಬಿಸಿಲಲ್ಲಿ ಬಂದಿದ್ದೀಯ, ಮಜ್ಜಿಗೆ ಕುಡಿ" ಎಂದು ಎದ್ದರು.

ಕ್ಷಮಿಸಿದರೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ. ಅವರು ಬಿಟ್ಟೆದ್ದ ಮೊರವನ್ನು ಹತ್ತಿರ ಎಳೆದುಕೊಂಡು ಅಕ್ಕಿ ಆರಿಸತೊಡಗಿದೆ.