ಕುರ್ಚಿಗೆ ಯಾರು?

ವಿಶ್ವವಿದ್ಯಾಲಯಕ್ಕೆ ಹೊಸ ಸಂಶೋಧನಾ ಮುಖ್ಯಸ್ಥರು ಬೇಕು ಅಂದರೆ ಮೊದಲು ಕೇಳೋದು, 'ಪೇಪರ್ ಎಷ್ಟು, ಪ್ರಶಸ್ತಿ ಎಷ್ಟು?' ನಮ್ಮ ಆಫೀಸುಗಳಲ್ಲೂ ಅಷ್ಟೇ ತಾನೆ? ಚೆನ್ನಾಗಿ ಕೋಡ್ ಬರೆಯೋರನ್ನೇ ಮ್ಯಾನೇಜರ್ ಮಾಡ್ತೀವಿ.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಸಿ.ವಿ. ರಾಮನ್ ಬಂದರು. ಅಷ್ಟರಲ್ಲಾಗಲೇ ನೊಬೆಲ್ ಬಂದಿತ್ತು. ಭೌತಶಾಸ್ತ್ರ ವಿಭಾಗ ಕಟ್ಟಿದರು, ಮ್ಯಾಕ್ಸ್ ಬಾರ್ನ್‌ರಂಥವರನ್ನು ಇಲ್ಲಿಗೆ ಕರೆಸಿದರು. ಆದರೆ ಹಣವೆಲ್ಲ ಭೌತಶಾಸ್ತ್ರಕ್ಕೇ ಹೋಗ್ತಿದೆ ಅನ್ನೋ ದೂರು ಎದ್ದಿತು. 1937ರಲ್ಲಿ ಕುರ್ಚಿ ಬಿಡಬೇಕಾಯಿತು. ಪ್ರಾಧ್ಯಾಪಕರಾಗಿ ಮಾತ್ರ 1948ರವರೆಗೂ ಅಲ್ಲೇ ದುಡಿದರು.

ಆ ಜಗಳದಲ್ಲಿ ಯಾರದು ಸರಿ ಅಂತ ನಾನು ತೀರ್ಪು ಕೊಡಲಾರೆ. ನನಗನ್ನಿಸೋದು ಇಷ್ಟು: ತನ್ನ ವಿಷಯವನ್ನು ಹುಚ್ಚು ಹಿಡಿದಂತೆ ಪ್ರೀತಿಸೋದು ವಿಜ್ಞಾನಿಗೆ ದೊಡ್ಡ ಗುಣ. ಹಣ ಹಂಚೋ ಜಾಗದಲ್ಲಿ ಅದೇ ಗುಣ ಪಕ್ಷಪಾತ ಆಗಿಬಿಡಬಹುದು. ಆಗ ಪೆಟ್ಟು ಬೀಳೋದು ಪಕ್ಕದ ಲ್ಯಾಬಿನ ಪಿಎಚ್‌ಡಿ ಹುಡುಗಿಗೆ. ಉಪಕರಣಕ್ಕೆ ಕಾಯ್ತಾ ಅವಳ ವರ್ಷಗಳೇ ಕಳೆದುಹೋಗ್ತವೆ.

ಆಯ್ಕೆ ಸಮಿತಿಯಲ್ಲಿ ನಾನಿದ್ದಿದ್ದರೆ ಇದೊಂದನ್ನು ಕೇಳ್ತಿದ್ದೆ: 'ನಿಮಗೆ ಕಿಂಚಿತ್ತೂ ಆಸಕ್ತಿ ಇಲ್ಲದ ಸಂಶೋಧನೆಗಾಗಿ ನೀವು ಇದುವರೆಗೆ ಏನು ಮಾಡಿದ್ದೀರಿ?'